ಆಡುವವರ ಕೈ ನೋಡು, ಮಗಳೇ

ಚಿ. ಮೇಘಾ,

ನೀನು ಕಳಿಸಿದ ಹನ್ನೊಂದು ಪುಟ ತಲುಪಿತು. ಮೊಬೈಲಿನಲ್ಲಿ ಓದಲು ಕಣ್ಣು ಸಹಕರಿಸಲಿಲ್ಲ. ಪೇಟೆಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಜಗಲಿಯಲ್ಲಿ ಕೂತು ಎರಡು ಸಲ ಓದಿದೆ. ಆಟ ಎಂದರೇನು, ಸೋತವರೂ ಮತ್ತೆ ಆಡಲು ಯಾಕೆ ಬರುತ್ತಾರೆ, ನಿಯಮ ಎಷ್ಟಿದ್ದರೆ ಸಾಕು, ಇಷ್ಟೆಲ್ಲ ಯೋಚಿಸುವ ಹುಡುಗಿ ನಮ್ಮ ಮನೆಯಲ್ಲಿದ್ದಾಳೆ ಅಂತ ನಿನ್ನ ದೊಡ್ಡಮ್ಮನಿಗೂ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾಳಂತೆ?" ಅದಕ್ಕೆ ಉತ್ತರವನ್ನು ಮುಂದಿನ ಪತ್ರದಲ್ಲಿ ಮರೆಯದೆ ಬರೆ.

ಹೋದ ವಾರ ನಿಮ್ಮಪ್ಪ ಫೋನಿನಲ್ಲಿ, "ಆಟ ಕಟ್ಟೋದನ್ನೂ ಕಾಲೇಜಿಗೆ ಹೋಗಿ ಓದಬೇಕಾ ಅಣ್ಣಾ?" ಅಂದ. ಅವನ ಆತಂಕ ನನಗೆ ಅರ್ಥವಾಗುತ್ತದೆ. ನಾನು ಅವನಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರು ಹೇಳಿದೆ. 1794ರಿಂದ 1868ರವರೆಗೆ ಬಾಳಿದ ನಮ್ಮ ಆ ದೊರೆ ಎಷ್ಟೋ ಮಣೆಯಾಟಗಳನ್ನು ತಾವೇ ಕಟ್ಟಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಆಟಗಳಿಗೆಂದೇ ಕೌತುಕನಿಧಿ ಇದೆ. ದೇವತೆಗಳ ಸ್ವರೂಪ ಬರೆಸಿದ ಗ್ರಂಥದಲ್ಲೇ ಆಟಕ್ಕೂ ಜಾಗ ಕೊಟ್ಟಿದ್ದಾರೆಂದರೆ ಅದು ಹಗುರವಾದ ಕೆಲಸವಲ್ಲ ಕಣೋ, ಅಂದೆ. ಸುಮ್ಮನಾದ.

ಆದರೆ ನಿನ್ನ ಕೊನೆಯ ಪುಟದ ಒಂದು ಸಾಲಿನ ಹತ್ತಿರ ನನ್ನ ಕಣ್ಣು ನಿಂತುಬಿಟ್ಟಿತು. ನೀನು ಕಟ್ಟಿದ ಆಟವನ್ನು ಹಾಸ್ಟೆಲಿನ ಗೆಳತಿಯರು ಅರ್ಧಕ್ಕೇ ಬಿಟ್ಟು ಎದ್ದರು, "ಅವರಿಗೆ ಆಟವೇ ಅರ್ಥವಾಗಲಿಲ್ಲ" ಅಂತ ಬರೆದಿದ್ದೀಯ. ಈ ಮಾತನ್ನು ನಾನೂ ಒಮ್ಮೆ ಆಡಿದ್ದೆ. ಅದನ್ನು ಹೇಳುವ ಮೊದಲು ನಿನ್ನ ಮುತ್ತಜ್ಜಿಯ ವಿಷಯ ಹೇಳಬೇಕು.

ಬೇಸಿಗೆಯಲ್ಲಿ ಹೊಸ ಹುಣಸೆಹಣ್ಣು ಬಿಡಿಸುವಾಗ ಅಜ್ಜಿ ಚೌಕಾಬಾರದ ಆಟಕ್ಕೆಂದು ದಪ್ಪ ಬೀಜಗಳನ್ನು ಆರಿಸಿಟ್ಟುಕೊಳ್ಳುತ್ತಿದ್ದಳು. ಹಿತ್ತಲ ಒಗೆಯುವ ಕಲ್ಲಿನ ಮೇಲೆ ನೀರು ಚಿಮುಕಿಸಿ, ಒಂದು ಮಗ್ಗುಲು ಬಿಳಿ ಕಾಣುವವರೆಗೆ ತೇಯುವುದು ನನ್ನ ಕೆಲಸ. ತೇಯ್ದ ಬೀಜವನ್ನು ಅವಳು ಹತ್ತಾರು ಸಲ ನೆಲಕ್ಕೆ ಬಿಟ್ಟು ನೋಡುವಳು. ಸದಾ ಒಂದೇ ಮಗ್ಗುಲಿಗೆ ಬೀಳುವುದನ್ನು ಪಕ್ಕಕ್ಕೆಸೆದು, "ಇದು ಆಟ ಕೆಡಿಸುತ್ತೆ" ಅನ್ನುವಳು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16, ಅದರಲ್ಲಿ ಚೌಕಕ್ಕೂ ಬಾರಕ್ಕೂ ಒಂದೊಂದೇ, ಎರಡು ಬೀಳುವುದಕ್ಕೆ ಆರು ಅಂತ ಲೆಕ್ಕದ ಮೇಷ್ಟ್ರಾದ ಮೇಲೆ ನಾನು ಲೆಕ್ಕ ಹಾಕಿದೆ. ಅಜ್ಜಿ ಅದನ್ನು ಬೀಜ ಬೀಳುವುದನ್ನು ನೋಡಿ ನೋಡಿಯೇ ತಿಳಿದಿದ್ದಳು.

ಚೌಕಾಬಾರದ 25 ಮನೆಗಳನ್ನು ಸೀಮೆಸುಣ್ಣದಲ್ಲಿ ಗೀಚಿ, ನನ್ನ ಕೈಗೆ ನಾಲ್ಕು ಬಳೆಚೂರು ಕೊಟ್ಟು "ಹಾಕು" ಅಂದಳು. ನಿಯಮ ಹೇಳಲಿಲ್ಲ. ನನ್ನ ಕಾಯಿ ಹೊರಸುತ್ತು ಮುಗಿಸಿ ಒಳಸುತ್ತಿಗೆ ತಿರುಗುವಾಗ ಕೈ ಹಿಡಿದಳು. "ಇನ್ನೂ ಯಾರ ಕಾಯಿಯನ್ನೂ ಕಡಿದಿಲ್ಲವಲ್ಲೋ, ಒಳಗೆ ಹೋಗೋ ಹಾಗಿಲ್ಲ." ಬೇಕಾದ ಗಳಿಗೆಯಲ್ಲಿ ಬಂದದ್ದರಿಂದ ಆ ನಿಯಮ ಇವತ್ತಿಗೂ ತಲೆಯಲ್ಲಿ ನಿಂತಿದೆ. ಹೋದ ದಸರೆಗೆ ಬಂದಾಗ ನೀನು ತೋರಿಸಿದ 1985ರ ಸೂಪರ್ ಮಾರಿಯೋದಲ್ಲೂ ಇದನ್ನೇ ಕಂಡೆ. ಎಡಕ್ಕೆ ನಿಂತ ಮಾರಿಯೋ, ಬಲಕ್ಕೆ ಖಾಲಿ ದಾರಿ, ನಾಲ್ಕು ಹೆಜ್ಜೆ ಹೋದರೆ ಎದುರಿಗೊಂದು ಪುಟ್ಟ ಶತ್ರು. ಮೊದಲ ಸಲ ತಾಗಿ ಸೋತೆ, ಎರಡನೇ ಸಲ ಹಾರಿದೆ. ಒಂದಕ್ಷರ ಓದದೆ ಕಲಿತೆ.

ಇಂಥ ಅಜ್ಜಿಯ ಕೈಯಲ್ಲಿ ಆಡಿ ಬೆಳೆದವನು ಮೇಷ್ಟ್ರಾದ ಮೇಲೆ ಮಾಡಿದ್ದೇನು ಕೇಳು. 1986ರಲ್ಲಿ ಏಳನೇ ತರಗತಿಗೆ ಭಿನ್ನರಾಶಿ ಕಲಿಸಲು ಒಂದು ಆಟ ಮಾಡಿದೆ. ರಟ್ಟಿನ ಮೇಲೆ 100 ಮನೆ, 60 ಚೀಟಿ, ಅಂಚಿನ ಸುತ್ತ ದುಂಡಗಿನ ಅಕ್ಷರದಲ್ಲಿ 22 ನಿಯಮ. ಒಂದು ತಿಂಗಳ ಸಂಜೆಗಳು ಅದಕ್ಕೇ ಹೋದವು. ಆರು ಮಕ್ಕಳನ್ನು ಸುತ್ತ ಕೂರಿಸಿದೆ. ಹತ್ತು ನಿಮಿಷಕ್ಕೆ ಆಕಳಿಕೆ ಶುರುವಾಯಿತು. ನಿಯಮಗಳನ್ನು ಮತ್ತೆ ಹೇಳಿದೆ, ದನಿ ಎತ್ತರಿಸಿ ಹೇಳಿದೆ. ಒಬ್ಬ ಹುಡುಗ ತನ್ನ ಸರದಿ ಬರುವಷ್ಟರಲ್ಲಿ ಜೇಬಿನಿಂದ ಹುಣಸೆಬೀಜ ತೆಗೆದು ಬೆಂಚಿನ ಮೇಲೆ ಹಾಕತೊಡಗಿದ್ದ. ಅವನ ಕಿವಿ ಹಿಂಡಿ ಬೀಜ ಕಿತ್ತುಕೊಂಡೆ. ಸಂಜೆ ಜೊತೆಯ ಮೇಷ್ಟ್ರುಗಳ ಮುಂದೆ, "ಇವಕ್ಕೆ ಆಟವೂ ಅರ್ಥವಾಗಲ್ಲ" ಅಂದೆ. ರಟ್ಟು ಅಟ್ಟ ಸೇರಿತು.

ನಿವೃತ್ತನಾದ ಮೇಲೆ ಒಂದು ಬೇಸಿಗೆಯಲ್ಲಿ ಪಕ್ಕದ ಮನೆಯ ಅಕ್ಕ, ತಮ್ಮ ಇಬ್ಬರೂ ಆ ರಟ್ಟನ್ನು ಅಟ್ಟದಿಂದ ಇಳಿಸಿಕೊಂಡು ಬಂದು, "ತಾತ, ಹೇಗೆ ಆಡೋದು?" ಅಂದರು. ಅಂದು ಬೆಳಿಗ್ಗೆ ದವಡೆಹಲ್ಲು ಕೀಳಿಸಿಕೊಂಡು ಬಂದಿದ್ದೆ, ಬಾಯಿ ತುಂಬ ಹತ್ತಿ. ಆಡಿ ಅಂತ ಕೈಸನ್ನೆ ಮಾಡಿ ಕೂತೆ. ಹುಡುಗಿಗೆ 3/8 ಮತ್ತು 1/6 ಕೂಡಿಸುವ ಚೀಟಿ ಬಂತು. ಅವಳು ನೆಲದ ಮೇಲೆ ಬೆರಳಲ್ಲಿ ಲೆಕ್ಕ ಬರೆಯುತ್ತಿದ್ದಳು. ಅಷ್ಟು ಹೊತ್ತೂ ತಮ್ಮನ ಉಗುರು ರಟ್ಟಿನ ಅಂಚಿನ ಕಾಗದವನ್ನು ಎಳೆಎಳೆಯಾಗಿ ಕೀಳುತ್ತಿತ್ತು. ನನ್ನ ಹದಿನೇಳನೇ ನಿಯಮ ಅರ್ಧ ಹರಿದುಹೋಯಿತು. ನಾನು ಆ ಉಗುರನ್ನೇ ನೋಡುತ್ತಿದ್ದೆ. ಒಬ್ಬರು ಲೆಕ್ಕ ಮಾಡುವಾಗ ಉಳಿದವರ ಕೈಗೆ ನನ್ನ ಆಟದಲ್ಲಿ ಕೆಲಸವೇ ಇರಲಿಲ್ಲ. ಆರು ಮಕ್ಕಳೆಂದರೆ ಐವರು ಸುಮ್ಮನೆ ಕಾಯುವುದು.

ಅಷ್ಟರಲ್ಲಿ ಮಕ್ಕಳೇ ದಾರಿ ಹುಡುಕಿಕೊಂಡರು. ಕಷ್ಟದ ಚೀಟಿಗಳನ್ನು ಆಚೆಗಿಟ್ಟರು. ಉಳಿದ ಚೀಟಿಯನ್ನು ಇಬ್ಬರೂ ಒಟ್ಟಿಗೆ ನೋಡುವುದು, ಮೊದಲು ಸರಿಯಾಗಿ ಹೇಳಿದವರ ಕಾಯಿ ಮುಂದೆ ಹೋಗುವುದು ಅಂತ ಮಾತಾಡಿಕೊಂಡರು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಬಾಯಿ ತೆರೆಯುವ ಹಾಗಿದ್ದಿದ್ದರೆ ನಾನು 22 ನಿಯಮಗಳನ್ನೂ ಒಪ್ಪಿಸಿ ಅವರನ್ನು ಎಬ್ಬಿಸಿ ಕಳಿಸಿರುತ್ತಿದ್ದೆ. ಅಂದು ರಾತ್ರಿ ಆ ಹುಣಸೆಬೀಜದ ಹುಡುಗ ನೆನಪಾದ. ನನ್ನ ಆಟದ ತಪ್ಪನ್ನು ಮೊದಲು ತೋರಿಸಿಕೊಟ್ಟವನು ಅವನು. ಅವನ ಕ್ಷಮೆ ಕೇಳಲು ಇದುವರೆಗೂ ಆಗಿಲ್ಲ.

ಟೆಟ್ರಿಸ್ ಕಟ್ಟಿದ ಮಾಸ್ಕೋದ ಅಲೆಕ್ಸಿ ಪಜಿಟ್ನೊವ್ ಬಗ್ಗೆ ನೀನೇ ಬರೆದಿದ್ದೀಯಲ್ಲ. 1984ರಲ್ಲಿ ಐದೈದು ಚೌಕಗಳ 12 ಆಕಾರಗಳಿಂದ ಹೊರಟು, ಆಮೇಲೆ ನಾಲ್ಕು ಚೌಕಕ್ಕೆ ಇಳಿಸಿ ಏಳೇ ಆಕಾರ ಉಳಿಸಿಕೊಂಡರು. ಕಳೆಯುವುದಕ್ಕೆ ಧೈರ್ಯ ಬೇಕು, ಮಗಳೇ. ಏನನ್ನು ಕಳೆಯಬೇಕೆಂದು ಆಡುವವರ ಕೈ ಹೇಳಿಕೊಡುತ್ತದೆ. ಆಡು-ಹುಲಿ ಆಟದ ಮೂರು ಹುಲಿಗೆ 15 ಆಡು ಎಂಬ ಲೆಕ್ಕವೂ ಒಬ್ಬರು ಕೂತು ಬರೆದದ್ದಿರಲಾರದು. ಗುಡಿಯ ಕಲ್ಲುಹಾಸಿನ ಮೇಲೆ ಗೀರಿಕೊಂಡು ಆಡಿದ ಎಷ್ಟೋ ತಲೆಮಾರು ಅದನ್ನು ಹದಕ್ಕೆ ತಂದಿರಬೇಕು.

ನಾನು ಹೇಳುವುದಿಷ್ಟೇ. ನಿನ್ನ ಆಟವನ್ನು ಅದೇ ಗೆಳತಿಯರ ಮುಂದೆ ಇನ್ನೊಮ್ಮೆ ಇಡು. ಪಕ್ಕದಲ್ಲಿ ಕೂರು, ಬಾಯಿ ಬಿಡಬೇಡ. ಅವರು ತಪ್ಪು ಗುಂಡಿ ಒತ್ತಿದಾಗ ಹೇಳಿಕೊಡೋಣ ಅನ್ನಿಸುತ್ತದೆ, ತಡೆದುಕೋ. ಕೈ ಎಲ್ಲಿ ತಡವರಿಸಿತು, ಯಾವಾಗ ಫೋನಿನ ಕಡೆ ಹೋಯಿತು, ಎಲ್ಲಿ ಮುಂದಕ್ಕೆ ಬಾಗಿ ಕೂತರು, ಅಷ್ಟನ್ನು ಬರೆದುಕೋ. "ಅರ್ಥವಾಗಲಿಲ್ಲ" ಎಂಬ ಸಾಲನ್ನು ಹೊಡೆದುಹಾಕಿ, ಯಾವ ಗಳಿಗೆಯಲ್ಲಿ ಎದ್ದು ಹೋದರು ಎಂದು ಅಲ್ಲಿ ಬರೆ.

ಗೌರಿಹಬ್ಬಕ್ಕೆ ಬರುವಾಗ ಲ್ಯಾಪ್‌ಟಾಪ್ ತಾ. ನಾನೂ ನಿನ್ನ ದೊಡ್ಡಮ್ಮನೂ ಆಡುತ್ತೇವೆ, ನೀನು ಸುಮ್ಮನೆ ನೋಡು. ಊಟ ಬಿಡಬೇಡ, ಹನ್ನೊಂದಕ್ಕೆ ದೀಪ ಆರಿಸು. ನಿನಗೆಂದು ಹೊಸ ಹುಣಸೆಬೀಜ ತೇಯ್ದಿಟ್ಟಿದ್ದೇನೆ. ನಾಲ್ಕರಲ್ಲಿ ಒಂದು ಮಾತ್ರ ಎಷ್ಟು ಸಲ ಬಿಟ್ಟರೂ ಕಪ್ಪಿಗೇ ಬೀಳುತ್ತಿದೆ. ನೀನು ಬರುವುದರೊಳಗೆ ಅದನ್ನು ಬದಲಿಸಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ