ಬಡಕಲು ಕುದುರೆಗೆ ಹುರುಳಿ ಬೇಡ

ಪಕ್ಕೆಲುಬು ಎದ್ದ ಕುದುರೆಗೆ ಹುರುಳಿ ಬೇಯಿಸಿ, ಬೆಲ್ಲ ಸೇರಿಸಿ ತಿನ್ನಿಸೋಣ ಎಂದು ಅನ್ನಿಸುವುದು ಸಹಜ. ಆದರೆ ಒಮ್ಮೆ ಗೊರಸಿನ ಉರಿಯೂತ, ಅಂದರೆ ಲ್ಯಾಮಿನೈಟಿಸ್, ಬಂದ ಕುದುರೆಗೆ ಅದೇ ಮುಳುವು. ಪಿಷ್ಟ, ಸಕ್ಕರೆ ಹೆಚ್ಚಾದರೆ ಇನ್ಸುಲಿನ್ ಏರಿ ಗೊರಸು ಮತ್ತೆ ಕೆಡಬಹುದು.

ಮೊದಲು ಪಶುವೈದ್ಯರಿಗೆ ಹಲ್ಲು ತೋರಿಸಿ, ಲದ್ದಿ ಪರೀಕ್ಷೆ ಮಾಡಿಸಿ. ಹಲ್ಲು ಸವೆದು ಚೂಪಾಗಿದ್ದರೆ, ಹೊಟ್ಟೆಯಲ್ಲಿ ಹುಳುವಿದ್ದರೆ, ಎಷ್ಟು ಹಾಕಿದರೂ ಮೈಗೆ ಹತ್ತದು.

300 ಕಿಲೋ ತೂಕದ ಕುದುರೆಗೆ ದಿನಕ್ಕೆ ಕನಿಷ್ಠ 6 ಕಿಲೋ ಒಣಹುಲ್ಲು ಬೇಕು. ಅರ್ಧ ಗಂಟೆ ನೆನೆಸಿ, ಆ ನೀರು ಚೆಲ್ಲಿ, ನಾಲ್ಕೈದು ಸಲ ಹಂಚಿ ಹಾಕಿ. ಕಡೂರು, ತರೀಕೆರೆಯಂಥ ತೆಂಗಿನ ಸೀಮೆಯಲ್ಲಿದ್ದರೆ ಜೊತೆಗೆ ಕೊಬ್ಬರಿ ಹಿಂಡಿ ಕೊಡಬಹುದು. ಕೊಬ್ಬರಿ ಹಿಂಡಿಯಲ್ಲಿ ಪಿಷ್ಟ ಕಡಿಮೆ, ಎಣ್ಣೆಯ ಕಸುವು ಉಂಟು. ನೆನೆಸಿ, ಒಂದು ಹಿಡಿಯಿಂದ ಶುರುಮಾಡಿ, ಎರಡು ಮೂರು ವಾರದಲ್ಲಿ ಏರಿಸಿ. ಮುಗ್ಗಲು ಹಿಂಡಿ ಮಾತ್ರ ಬೇಡವೇ ಬೇಡ.

ಇನ್ಸುಲಿನ್ ಪರೀಕ್ಷೆಯ ಬಗ್ಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಗೊರಸು ಬಿಸಿಯಾಗಿ, ಮುಂಗಾಲು ಊರಲು ಹಿಂಜರಿದರೆ ನಡೆಸಬೇಡಿ. ಮೆತ್ತಗೆ ಮರಳು ಹಾಸಿ, ವೈದ್ಯರನ್ನೇ ಲಾಯಕ್ಕೆ ಕರೆಸಿ.