ಲಾರಿಯಲ್ಲಿ ಬಂದ ಮನೆ

ಮನೆ ಎಲ್ಲಿ ಕಟ್ಟುತ್ತಾರೆ? ನಿವೇಶನದಲ್ಲಿ. ಇದು ನಮಗೆಲ್ಲ ಗೊತ್ತು. ಆದರೆ ಮನೆಯನ್ನು ಬೇರೆ ಕಡೆ ತಯಾರು ಮಾಡಿ, ಲಾರಿಯಲ್ಲಿ ತಂದು, ಪಾಯದ ಮೇಲೆ ಜೋಡಿಸಲೂ ಬಹುದು.

ಹೀಗೂ ಉಂಟೇ ಎನ್ನಬೇಡಿ. ಶೌಚಾಲಯದ ಗುಂಡಿಗೆ ಇಳಿಸುವ ಸಿಮೆಂಟ್ ರಿಂಗು ನೋಡಿದ್ದೀರಲ್ಲ? ಅದನ್ನು ಗುಂಡಿಯೊಳಗೆ ಕೂತು ಯಾರೂ ಕಟ್ಟುವುದಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಗಾಡಿಯಲ್ಲಿ ತರುತ್ತಾರೆ. ಮಂಗಳೂರು ಹೆಂಚೂ ಹಾಗೆಯೇ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಎಲ್ಲ ಹೆಂಚಿಗೂ ಒಂದೇ ಅಳತೆ. ಒಂದರ ಅಂಚು ಇನ್ನೊಂದರ ಅಂಚಿನಲ್ಲಿ ಸರಿಯಾಗಿ ಕೂರುತ್ತದೆ. ಒಂದು ಒಡೆದರೆ ಅದನ್ನಷ್ಟೇ ತೆಗೆದು ಬೇರೆ ಹಾಕಿದರಾಯಿತು.

ಗೋಡೆ, ನೆಲ, ತಾರಸಿ ಎಲ್ಲವನ್ನೂ ಹೀಗೆ ಅಳತೆಗೆ ಮಾಡಿದರೆ? ಇಡೀ ಕೋಣೆಯನ್ನೇ ಪೆಟ್ಟಿಗೆಯಂತೆ ಎರಕ ಹೊಯ್ದರೆ? ಅದಕ್ಕೇ ಮಾಡ್ಯುಲರ್ ಮನೆ ಎನ್ನುತ್ತಾರೆ. ಜಾರ್ಖಂಡ್ ರಾಜ್ಯದ ರಾಂಚಿಯಲ್ಲಿ ಬಡವರಿಗಾಗಿ ಇಂಥ 1,008 ಮನೆಗಳ ಕೆಲಸಕ್ಕೆ 2021ರ ಜನವರಿ 1ರಂದು ಅಡಿಗಲ್ಲು ಹಾಕಿದರು. ಎರಕದ ಕೋಣೆಗಳನ್ನು ಕ್ರೇನಿನಿಂದ ಎತ್ತಿ, ಒಂದರ ಮೇಲೊಂದು ಜೋಡಿಸಿದರು.

ಇದರಿಂದ ಲಾಭ ಏನು? ಮನೆ ಕಟ್ಟಿಸುತ್ತಿದ್ದ ಒಬ್ಬ ಅಕ್ಕ ಮೇಸ್ತ್ರಿಯನ್ನು ಕೇಳಿದಳು:

“ಅಣ್ಣಾ, ಗೋಡೆ ಯಾಕೆ ಇನ್ನೂ ಏಳಲಿಲ್ಲ?”

“ಏನ್ ಮಾಡ್ಲಕ್ಕಾ? ಮರಳು ಬಂದ ದಿನ ಸಿಮೆಂಟ್ ಇರಲ್ಲ. ಎರಡೂ ಬಂದ ದಿನ ಮಳೆ.”

“ಬಡ್ಡಿಗೆ ಮಳೆ ಗಿಳೆ ಇಲ್ಲವಲ್ಲಣ್ಣಾ!”

ಅಕ್ಕನ ಮಾತು ನಿಜ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಎಂದರೆ, ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ 2,000 ರೂಪಾಯಿ. ಕೆಲಸ ಆರು ತಿಂಗಳು ತಡವಾದರೆ 12,000 ರೂಪಾಯಿ. ಇದರ ಮೇಲೆ ಬಾಡಿಗೆ ಮನೆಯ ಖರ್ಚು ಬೇರೆ. ಕಾರ್ಖಾನೆಯಲ್ಲಿ ಸೂರಿನ ಕೆಳಗೆ ಕೆಲಸ. ಮಳೆ ಬಂದರೂ ನಿಲ್ಲದು. ಇಲ್ಲಿ ಪಾಯ ತೋಡುವಾಗಲೇ ಅಲ್ಲಿ ಗೋಡೆ ತಯಾರಾಗುತ್ತಿರುತ್ತದೆ. ಉಳಿಯುವ ದೊಡ್ಡ ದುಡ್ಡೆಂದರೆ ಈ ಸಮಯವೇ.

ಇನ್ನೊಂದು ಮಾತು. ಕಾಂಕ್ರೀಟಿಗೆ ಕಡಿಮೆ ಎಂದರೂ ಏಳು ದಿನ ನೀರು ಉಣಿಸಬೇಕು. ನಮ್ಮಲ್ಲಿ ನೀರಿಲ್ಲ, ಆಳಿಲ್ಲ ಎಂದು ಮೂರೇ ದಿನಕ್ಕೆ ಬಿಟ್ಟುಬಿಡುವುದುಂಟು. ಆಮೇಲೆ ಬಿರುಕು ಬಿಟ್ಟರೆ ಸಿಮೆಂಟನ್ನು ಬೈಯುತ್ತೇವೆ! ಒಳ್ಳೆಯ ಕಾರ್ಖಾನೆಯಲ್ಲಿ ಅಳತೆ, ಬೆರಕೆ, ನೀರು ಎಲ್ಲಕ್ಕೂ ಲೆಕ್ಕ ಇಡುತ್ತಾರೆ. ಮರಳು, ಸಿಮೆಂಟು ಪೋಲಾಗುವುದೂ ಕಡಿಮೆ.

ಹಾಗೆಂದು ಇದು ಎಲ್ಲರಿಗೂ ಹೊಂದುವ ಅಂಗಿಯಲ್ಲ. ರಾಂಚಿಯಲ್ಲೂ 12 ತಿಂಗಳಲ್ಲಿ ಮುಗಿಸುವ ಗುರಿ ಇತ್ತು. ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ದೊಡ್ಡ ಲಾರಿ, ಕ್ರೇನು ಬರುವಷ್ಟು ರಸ್ತೆ ಬೇಕು. ನಮ್ಮ ಓಣಿಗಳಲ್ಲಿ ಎತ್ತಿನ ಗಾಡಿ ತಿರುಗುವುದೇ ಕಷ್ಟ. ಸಾವಿರ ಮನೆ ಒಟ್ಟಿಗೆ ಕಟ್ಟುವಲ್ಲಿ ಖರ್ಚು ಇಳಿಯುತ್ತದೆ. ದೂರದ ಹಳ್ಳಿಯ ಒಂದೇ ಮನೆಗೆ ಲಾರಿ ಬಾಡಿಗೆಯೇ ಹೊರೆ. ಕಾಂಕ್ರೀಟಿನ ಗೋಡೆ ಒಡೆದು ಆಮೇಲೆ ಗೂಡು, ಕಿಟಕಿ ಮಾಡಲು ಆಗದು. ಊರಿನ ಗಾರೆಯವರ ಕೂಲಿಯೂ ಕಡಿಮೆಯಾಗುತ್ತದೆ. ಇದು ಸಣ್ಣ ಮಾತಲ್ಲ.

ನಡುದಾರಿ ಒಂದಿದೆ. ಗೋಡೆ ನಮ್ಮ ಮೇಸ್ತ್ರಿಯೇ ಕಟ್ಟಲಿ. ಬಾಗಿಲು, ಕಿಟಕಿಗಳಿಗೆ ಸಿಮೆಂಟಿನ ಸಿದ್ಧ ಚೌಕಟ್ಟು ತರಬಹುದು. ಅದಕ್ಕೆ ಗೆದ್ದಲು ಹಿಡಿಯದು.

ಇಡೀ ಮನೆಯನ್ನೇ ಸಿದ್ಧವಾಗಿ ಕೊಳ್ಳುವುದಾದರೆ ಮೊದಲೇ ಕೇಳಿ. ಲಾರಿ, ಕ್ರೇನಿನ ಖರ್ಚು ದರದಲ್ಲಿ ಸೇರಿದೆಯೋ, ಬೇರೆಯೋ? ಪಾಯ ಯಾರು ಹಾಕುತ್ತಾರೆ? ಜೋಡಿಸಿದ ಸಂದಿಯಲ್ಲಿ ಮಳೆನೀರು ಸೋರಿದರೆ ಯಾರು ಬಂದು ಸರಿಮಾಡುತ್ತಾರೆ? ಎಷ್ಟು ವರ್ಷದವರೆಗೆ? ಬಾಯಿಮಾತು ಸಾಲದು. ಕಾಗದದಲ್ಲಿ ಬರೆಸಿಕೊಳ್ಳಿ. ನೀವೇ ಓದಿ ನೋಡಿ, ಆಮೇಲೆ ಮುಂಗಡ ಕೊಡಿ.