ಡಚ್ ಪತ್ರವ್ಯವಹಾರದಲ್ಲಿ ‘ಪೂರೈಸುತ್ತಿದ್ದೇವೆ’ ಎನ್ನುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕಬ್ಬು, ರೇಷ್ಮೆಗಳೊಂದಿಗೆ ತೆಂಗೂ ಮುಖ್ಯ ಬೆಳೆ. ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ನೆದರ್ಲೆಂಡ್ಸ್‌ನ ಹಸಿರುಮನೆಗಳಲ್ಲಿ ಮಣ್ಣಿಗೆ ಬದಲಾಗಿ ಬಳಸುತ್ತಾರೆ. ಅಲ್ಲಿನ ವರ್ತಕರು ಇಂಗ್ಲಿಷ್ ಬಲ್ಲವರೇ ಆದರೂ, ಅವರ ನುಡಿಯಲ್ಲಿಯೇ ಬರೆದ ನಾಲ್ಕು ಸಾಲುಗಳಿಗೆ ಬೇರೆಯೇ ಬೆಲೆಯುಂಟು. ಆದರೆ ಕೆಲಸ ಮುಗಿದಿದೆಯೋ ನಡೆಯುತ್ತಿದೆಯೋ ಎಂಬುದು ಸ್ಪಷ್ಟವಾಗದಿದ್ದರೆ ಪತ್ರವೇ ವ್ಯವಹಾರವನ್ನು ಕೆಡಿಸೀತು. ಡಚ್ ಭಾಷೆಯಲ್ಲಿ ಇದಕ್ಕೆ ನಾಲ್ಕು ಮುಖ್ಯ ಮಾರ್ಗಗಳಿವೆ.

1. ಈಗ ನಡೆಯುತ್ತಿರುವ ಕೆಲಸ: ‘ಇರು’ ಎಂಬರ್ಥದ ಕ್ರಿಯಾಪದದ ಮುಂದೆ ‘ಆನ್ ಹೆಟ್’ ಸೇರಿಸಿ, ಕೊನೆಗೆ ಮೂಲ ಕ್ರಿಯಾರೂಪವನ್ನು ಇಡಬೇಕು. ‘ವೆ ಜೆಯ್ನ್ ಆನ್ ಹೆಟ್ ಲಾದನ್’ ಎಂದರೆ ‘ಸರಕು ತುಂಬುತ್ತಿದ್ದೇವೆ’. ‘ಜೆಯ್ನ್’ ಬದಲಿಗೆ ‘ವಾರನ್’ ಎಂದರೆ ‘ತುಂಬುತ್ತಿದ್ದೆವು’.

2. ಭಂಗಿಸೂಚಕ ಕ್ರಿಯಾಪದ: ‘ಕಾಯುತ್ತ ನಿಂತಿದೆ’, ‘ಕಾಯುತ್ತ ಕುಳಿತಿದ್ದಾನೆ’ ಎಂಬ ನಮ್ಮ ಮಾತಿನ ರೀತಿಯೇ ಅಲ್ಲಿಯೂ ಇದೆ. ‘ದೆ ಫ್ರಖ್ತ್‌ವಾಗನ್ ಸ್ಟಾಟ್ ತೆ ವಖ್ತನ್’ ಎಂದರೆ ‘ಲಾರಿ ಕಾಯುತ್ತ ನಿಂತಿದೆ’. ಇಲ್ಲಿ ‘ತೆ’ ಬಿಡುವಂತಿಲ್ಲ.

3. ಮುಂದೆಯೂ ನಿಲ್ಲದ ಕೆಲಸ: ‘ಉಳಿ’ ಎಂಬರ್ಥದ ‘ಬ್ಲೆಯ್ವನ್’ ಬಳಸಬೇಕು. ‘ವೆಯ್ ಬ್ಲೆಯ್ವನ್ ಲೇವರನ್’ ಎಂದರೆ ‘ಪೂರೈಸುತ್ತಲೇ ಇರುತ್ತೇವೆ’. ಇಲ್ಲಿ ‘ತೆ’ ಬರುವುದಿಲ್ಲ.

4. ಹಿಂದೆ ಆರಂಭವಾಗಿ ಇಂದಿಗೂ ನಡೆದಿರುವ ಕೆಲಸ: ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಹತ್ತು ವರ್ಷಗಳಿಂದ ಪೂರೈಸುತ್ತ ಬಂದಿದ್ದೇವೆ’ ಎನ್ನಲು ಡಚ್‌ನಲ್ಲಿ ಸರಳ ವರ್ತಮಾನಕಾಲವೇ ಸಾಕು. ಜೊತೆಗೆ ‘ಅಲ್’ ಎಂಬ ಪುಟ್ಟ ಪದವಿರಬೇಕು: ‘ವೆಯ್ ಲೇವರನ್ ಅಲ್ ತೀನ್ ಯಾರ್’. ಇಂಗ್ಲಿಷ್ ಜಾಡು ಹಿಡಿದು ‘ವೆಯ್ ಹೆಬ್ಬನ್ ತೀನ್ ಯಾರ್ ಖೆಲೇವರ್ತ್’ ಎಂದು ಬರೆದರೆ, ಹತ್ತು ವರ್ಷ ಪೂರೈಸಿದೆವು, ಈಗ ಇಲ್ಲ ಎಂಬ ಭಾವ ಬರುತ್ತದೆ. ನಂಬಿಕೆ ಗಳಿಸಲು ಬರೆದ ಸಾಲು ಅಂಗಡಿ ಮುಚ್ಚಿದ ಸುದ್ದಿಯಂತೆ ಓದಿಸಿಕೊಳ್ಳುತ್ತದೆ.

ಉಚ್ಚಾರಣೆಯಲ್ಲಿ ಒಂದು ಮಾತು: ಮೇಲೆ ‘ಖ’ ಎಂದು ಬರೆದಿರುವ ಧ್ವನಿ ಗಂಟಲನ್ನು ಉಜ್ಜಿಕೊಂಡು ಹೊರಡುತ್ತದೆ.

ಅಭ್ಯಾಸ: ‘ಎರಡು ವರ್ಷಗಳಿಂದ ಪೂರೈಸುತ್ತಿದ್ದೇವೆ, ಪೂರೈಸುತ್ತಲೇ ಇರುತ್ತೇವೆ’ ಎಂಬುದನ್ನು ಡಚ್‌ನಲ್ಲಿ ಬರೆಯಿರಿ. ‘ಎರಡು’ ಎಂಬುದಕ್ಕೆ ‘ಟ್ವೇ’, ‘ಮತ್ತು’ ಎಂಬುದಕ್ಕೆ ‘ಎನ್’.

ಉತ್ತರ: ‘ವೆಯ್ ಲೇವರನ್ ಅಲ್ ಟ್ವೇ ಯಾರ್ ಎನ್ ಬ್ಲೆಯ್ವನ್ ಲೇವರನ್.’